ಭಾನುವಾರದ ಹತ್ತು ನಿಮಿಷ

ಕಾರಿನ ಎಸಿ ರಿಪೇರಿ ಮಾಡಿ ಬದುಕಿದವನು ನಾನು. ತೊಂಬತ್ತೇಳರಲ್ಲಿ ಮುಂಬೈಯ ಗ್ಯಾರೇಜು ಬಿಟ್ಟು ಊರಿಗೆ ಬಂದು, ಕೋಟೇಶ್ವರ ದಾಟಿ ಬೀಜಾಡಿಗೆ ತಿರುಗುವಲ್ಲಿ, ಹೆದ್ದಾರಿಯ ಬದಿಗೆ ಒಂದು ಶೀಟಿನ ಶೆಡ್ಡು ಹಾಕಿದೆ. ಆಗ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಎಸಿ ಇರುವ ಗಾಡಿಗಳೇ ಕಡಿಮೆ. ಇದ್ದವರೂ ಕೆಟ್ಟರೆ ಮಂಗಳೂರಿಗೆ ಓಡಬೇಕಿತ್ತು. ಹಾಗಾಗಿ ನಾನು ಬಂದದ್ದೇ ತಡ, ‘ಬೊಂಬಾಯಿ ಮೇಸ್ತ್ರಿ’ ಎಂದು ಹೆಸರು ಬಿತ್ತು. ಆ ಹೆಸರು ನನ್ನ ತಲೆಗೇರಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಮಾಡಿದ್ದಕ್ಕೆಲ್ಲ ಅದೇ ಬುಡ.

ನಮ್ಮ ಕಡೆ ಎಸಿಯನ್ನು ಹಾಳುಮಾಡುವುದು ಬಿಸಿಲಲ್ಲ, ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರಿನ ತನಕ ಯಾರಿಗೂ ಎಸಿಯ ನೆನಪೇ ಇರುವುದಿಲ್ಲ. ಕಂಪ್ರೆಸರಿನ ಶಾಫ್ಟು ಹೊರಗೆ ಬರುವ ಜಾಗದಲ್ಲಿ ಒಂದು ಸೀಲು ಇರುತ್ತದೆ, ಉಂಗುರದಷ್ಟೇ ದೊಡ್ಡದು. ಗ್ಯಾಸಿನ ಜೊತೆ ಸುತ್ತುವ ಎಣ್ಣೆ ತಾಗಿ ಅದು ಒದ್ದೆಯಾಗಿದ್ದರೆ ಮಾತ್ರ ಗ್ಯಾಸನ್ನು ಹಿಡಿದಿಡುತ್ತದೆ. ನಾಲ್ಕು ತಿಂಗಳು ಎಸಿ ಹಾಕದೆ ಇಟ್ಟರೆ ಸೀಲು ಒಣಗಿ ಗ್ಯಾಸು ನಿಧಾನಕ್ಕೆ ಸೋರಿಹೋಗುತ್ತದೆ. ಮಳೆ ಬಿಟ್ಟ ಮೇಲೆ ಮೊದಲ ಸೆಕೆಗೆ ಸ್ವಿಚ್ಚು ಒತ್ತಿದರೆ ಬಿಸಿಗಾಳಿ. ಅದಕ್ಕೇ ನಾನು ಶೆಡ್ಡಿಗೆ ಬಂದವರಿಗೆಲ್ಲ ಒಂದು ಉಪದೇಶ ಕೊಡುತ್ತಿದ್ದೆ: ಮಳೆಗಾಲದಲ್ಲೂ ವಾರಕ್ಕೊಮ್ಮೆ, ಭಾನುವಾರ, ಗಾಡಿ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಎಸಿ ಹಾಕಿ. ಎಲ್ಲರೂ ತಲೆಯಾಡಿಸಿ ಹೋಗುತ್ತಿದ್ದರು, ಒಬ್ಬರೂ ಮಾಡುತ್ತಿರಲಿಲ್ಲ. ನನಗೆ ಗೊತ್ತಿದ್ದಂತೆ, ಹೇಳಿದ ಹಾಗೆ ಮಾಡಿದವರು ಒಬ್ಬರೇ.

ಹಾಲಾಡಿ ಕಡೆಯ ಅಕ್ಕಿ ಮಿಲ್ಲಿನ ಸಾಹುಕಾರರೊಬ್ಬರ ಏಳು ಸೀಟಿನ ಡೀಸೆಲ್ ಗಾಡಿಗೆ ಅವರು ಡ್ರೈವರು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು, ನಾನು ಅಣ್ಣ ಎಂದೇ ಕರೆಯುತ್ತಿದ್ದೆ. ಬಿಳಿ ಅಂಗಿ, ಹೆಗಲ ಮೇಲೆ ಮಡಚಿದ ಬೈರಾಸು, ಮುಖ ಒರೆಸುವ ಟವೆಲು. ಗಾಡಿ ಸಾಹುಕಾರರದ್ದಾದರೂ ಅದರ ಬಗ್ಗೆ ಮಾತಾಡುವಾಗ ಮನೆಯ ದನದ ಬಗ್ಗೆ ಮಾತಾಡಿದ ಹಾಗಿರುತ್ತಿತ್ತು. ಉಳಿದ ಡ್ರೈವರುಗಳು ಗಾಡಿ ಬಿಟ್ಟು ಚಾ ಕುಡಿಯಲು ಹೋದರೆ ಇವರು ನನ್ನ ಬದಿಗೇ ನಿಂತು ಒಂದೊಂದೇ ಕೇಳುತ್ತಿದ್ದರು. ಎಸಿ ಹಾಕುವಾಗ ಟಕ್ ಎನ್ನುವುದು ಏನು ಎಂದು ಒಮ್ಮೆ ಕೇಳಿದರು. ಕಂಪ್ರೆಸರಿನ ಪುಲ್ಲಿ ಎಂಜಿನ್ನಿನ ಜೊತೆ ಯಾವಾಗಲೂ ತಿರುಗುತ್ತಿರುತ್ತದೆ, ಆದರೆ ಕಂಪ್ರೆಸರ್ ತಿರುಗುವುದಿಲ್ಲ. ಸ್ವಿಚ್ಚು ಒತ್ತಿದಾಗ ಕಾಯಿಲ್ಲಿಗೆ ಕರೆಂಟು ಹೋಗಿ ಅದು ಅಯಸ್ಕಾಂತವಾಗಿ ಮುಂದಿನ ತಟ್ಟೆಯನ್ನು ಎಳೆದು ಕಚ್ಚಿಸಿಕೊಳ್ಳುತ್ತದೆ, ಆ ಸದ್ದೇ ಟಕ್ ಎಂದು ಹೇಳಿದೆ. ಆಮೇಲೆ ಅವರು ಎಸಿ ಹಾಕಿದಾಗಲೆಲ್ಲ ಆ ಟಕ್ ಕೇಳಿಸುವ ತನಕ ಕಿವಿಗೊಟ್ಟು, ಕೇಳಿಸಿದ ಮೇಲೆಯೇ ಗಾಡಿ ಮುಂದೆ ಬಿಡುತ್ತಿದ್ದರು. ಮಳೆಗಾಲದ ಉಪದೇಶವನ್ನೂ ಅವರು ಹಾಗೆಯೇ ತೆಗೆದುಕೊಂಡರು. ಭಾನುವಾರ ಅವರಿಗೆ ರಜೆ. ಎಸಿ ಹಾಕುವುದಕ್ಕೆಂದೇ ಮನೆಯಿಂದ ಕೊಡೆ ಹಿಡಿದು ಮಿಲ್ಲಿಗೆ ನಡೆದು ಬರುತ್ತಿದ್ದರು.

ಎರಡು ಸಾವಿರದ ಮೂರೋ ನಾಲ್ಕೋ, ಮೇ ತಿಂಗಳ ಕೊನೆ. ಆ ಗಾಡಿಯ ಕಂಪ್ರೆಸರ್ ಗರಗರ ಎನ್ನತೊಡಗಿತ್ತು. ಬಿಚ್ಚಿ ನೋಡಿದರೆ ಬೇರಿಂಗು ಹೋಗಿತ್ತು, ಪಿಸ್ಟನ್ನೂ ಸವೆದಿತ್ತು. ಮುಂಬೈಗೆ ಫೋನು ಮಾಡಿ ರಿಪೇರಿಯಾದ ಇನ್ನೊಂದು ಕಂಪ್ರೆಸರ್ ತರಿಸಿದೆ. ನಮ್ಮ ಸಾಮಾನೆಲ್ಲ ಬರುತ್ತಿದ್ದದ್ದು ಮುಂಬೈ ಬಸ್ಸಿನ ಡಿಕ್ಕಿಯಲ್ಲಿ. ಎಣ್ಣೆ ಸೋರಿ ಬೇರೆಯವರ ಗಂಟುಗಳಿಗೆ ತಾಗುತ್ತದೆ ಎಂದು ಬಸ್ಸಿನವರು ಗಲಾಟೆ ಮಾಡುತ್ತಿದ್ದರು. ಅದಕ್ಕೆ ಅಲ್ಲಿಯವರು ಎಣ್ಣೆಯನ್ನು ಪೂರಾ ಬಸಿದು ಒಣ ಕಂಪ್ರೆಸರನ್ನೇ ಕಳಿಸುತ್ತಿದ್ದರು. ಇಲ್ಲಿ ಕೂರಿಸುವ ಮೊದಲು ನಾನು ಅಳೆದು ಎಣ್ಣೆ ಹಾಕಬೇಕು. ಆ ಎಣ್ಣೆ ಗಾಳಿಯ ತೇವವನ್ನು ಬೇಗ ಹೀರುತ್ತದೆ, ತೆರೆದಿಡುವ ಹಾಗಿಲ್ಲ. ಹಾಗಾಗಿ ಮಗಳು ಬಿಟ್ಟ ಹಾಲಿನ ಬಾಟಲಿಯನ್ನೇ ಶೆಡ್ಡಿಗೆ ತಂದಿಟ್ಟಿದ್ದೆ. ಅದರಲ್ಲಿ ಅಳತೆಯ ಗೆರೆಯೂ ಇತ್ತು, ಮುಚ್ಚಳವೂ ಇತ್ತು.

ಆ ದಿನ ಬಾಟಲಿಗೆ ಗೆರೆಯ ತನಕ ಎಣ್ಣೆ ಹೊಯ್ದು, ಮುಚ್ಚಿ, ಕಪಾಟಿನ ಮೇಲಿಟ್ಟೆ. ಅಷ್ಟರಲ್ಲಿ ನಾಲ್ಕೈದು ಟ್ಯಾಕ್ಸಿಯವರು ಬಂದರು. ಬೊಂಬಾಯಿ ಮೇಸ್ತ್ರಿ ಹೊಸ ಕಂಪ್ರೆಸರ್ ಕೂರಿಸುವುದನ್ನು ನೋಡಬೇಕಂತೆ. ನನಗೆ ಬೇರೇನು ಬೇಕು. ಹಳೆಯ ಕಂಪ್ರೆಸರನ್ನು ಮೇಜಿನ ಮೇಲೆ ಬಿಡಿಸಿಟ್ಟು ಪಾಠ ಶುರು ಮಾಡಿದೆ. ಎಸಿ ತಂಪನ್ನು ಹುಟ್ಟಿಸುವುದಿಲ್ಲ, ಒಳಗಿನ ಸೆಕೆಯನ್ನು ಹೊತ್ತು ಹೊರಗೆ ಹಾಕುತ್ತದೆ ಅಷ್ಟೇ ಎಂದೆ. ಕಂಪ್ರೆಸರ್ ಗ್ಯಾಸನ್ನು ಎಳೆದು ಒತ್ತುತ್ತದೆ, ಒತ್ತಿದ ಗ್ಯಾಸು ಕಾಯುತ್ತದೆ, ರೇಡಿಯೇಟರಿನ ಮುಂದಿರುವ ಜಾಲರಿಯಲ್ಲಿ ಗಾಳಿ ತಾಗಿ ಆರಿ ನೀರಿನ ಹಾಗಾಗುತ್ತದೆ, ಆಮೇಲೆ ಸಣ್ಣ ತೂತಿನಲ್ಲಿ ನುಗ್ಗಿ ಡ್ಯಾಶ್‌ಬೋರ್ಡಿನ ಹಿಂದೆ ಮತ್ತೆ ಗ್ಯಾಸಾಗುವಾಗ ಅಲ್ಲಿನ ಸೆಕೆಯನ್ನೆಲ್ಲ ಕುಡಿಯುತ್ತದೆ ಎಂದೆ. ಕೈ ಹೊಸ ಕಂಪ್ರೆಸರನ್ನು ಬೋಲ್ಟಿಗೆ ಹಾಕುತ್ತಿತ್ತು, ಬಾಯಿ ಮಾತಾಡುತ್ತಿತ್ತು. ಕೊನೆಗೆ ಎಣ್ಣೆಯ ಬಗ್ಗೆಯೂ ಹೇಳಿದೆ. ಇದಕ್ಕೆ ಎಂಜಿನ್ನಿನ ಹಾಗೆ ಬೇರೆ ಎಣ್ಣೆ ತೊಟ್ಟಿ ಇಲ್ಲ, ಒಳಗೆ ಹಾಕಿದ ಒಂದು ಲೋಟ ಎಣ್ಣೆ ಗ್ಯಾಸಿನ ಜೊತೆ ಸುತ್ತುತ್ತಾ ಇರಬೇಕು, ಅದಿಲ್ಲದಿದ್ದರೆ ಕಬ್ಬಿಣಕ್ಕೆ ಕಬ್ಬಿಣ ತಿಕ್ಕಿ ಸುಟ್ಟುಹೋಗುತ್ತದೆ ಎಂದು ಕೈಯೆತ್ತಿ ಹೇಳಿದೆ. ಹೇಳುತ್ತಲೇ ಪೈಪು ಬಿಗಿದೆ. ಅರ್ಧ ಗಂಟೆ ವ್ಯಾಕ್ಯೂಮ್ ಪಂಪು ಓಡಿಸಿದೆ, ಸೋಪಿನ ನೊರೆ ಹಚ್ಚಿ ಸೋರುವುದಿಲ್ಲ ಎಂದು ತೋರಿಸಿದೆ, ಗ್ಯಾಸು ತುಂಬಿದೆ. ಡ್ರೈವರಣ್ಣ ಎಸಿ ಹಾಕಿ, ಟಕ್ ಕೇಳಿ, ಗಾಳಿ ಬರುವಲ್ಲಿ ಅಂಗೈ ಹಿಡಿದು ನಕ್ಕರು. ಗಾಡಿ ಹೋಯಿತು.

ಸಂಜೆ ಕೈ ತೊಳೆದು ಬೈರಾಸಿಗೆ ಕಪಾಟಿನ ಮೇಲೆ ಕೈ ಹಾಕಿದರೆ ಬಾಟಲಿ ಸಿಕ್ಕಿತು. ಗೆರೆಯ ತನಕ ಎಣ್ಣೆ ಹಾಗೇ ಇತ್ತು.

ಮಾಡಬೇಕಾದದ್ದು ಸುಲಭವಿತ್ತು. ಸಾಹುಕಾರರ ಮನೆಗೆ ಫೋನು ಮಾಡಿ, ಎಸಿ ಹಾಕಬೇಡಿ, ನಾಳೆ ಗಾಡಿ ಕಳಿಸಿ ಎನ್ನುವುದು. ಗ್ಯಾಸು ಬಿಟ್ಟು, ಎಣ್ಣೆ ಹಾಕಿ, ಮತ್ತೆ ತುಂಬಿಸಿದರೆ ಅರ್ಧ ದಿನದ ಕೆಲಸ. ರಿಸೀವರ್ ಎತ್ತಿದೆ, ನಂಬರೂ ಅರ್ಧ ಒತ್ತಿದೆ. ಯಾಕೆ ಎಂದು ಕೇಳುತ್ತಾರಲ್ಲ ಎಂದು ನೆನಪಾಯಿತು. ಎಣ್ಣೆಯ ಪಾಠ ಮಾಡುತ್ತಾ ಎಣ್ಣೆ ಹಾಕಲು ಮರೆತೆ ಎಂದು ಹೇಳುವುದು ಹೇಗೆ? ನಾಳೆ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಇದೇ ನಗೆಚಾಟಿಕೆ ಆಗುತ್ತದೆ. ಹಳೆಯ ಪೈಪಿನಲ್ಲಿ, ಜಾಲರಿಯಲ್ಲಿ ಸ್ವಲ್ಪ ಎಣ್ಣೆ ಉಳಿದಿರುತ್ತದೆ, ಇನ್ನೇನು ಮಳೆ ಬಂತು, ಎಸಿ ಯಾರು ಹಾಕುತ್ತಾರೆ, ಮಳೆ ಬಿಟ್ಟ ಮೇಲೆ ಸರ್ವಿಸಿಗೆಂದು ಬಂದಾಗ ಯಾರಿಗೂ ಗೊತ್ತಾಗದ ಹಾಗೆ ಹಾಕಿದರಾಯಿತು ಎಂದುಕೊಂಡೆ. ಫೋನು ಕೆಳಗಿಟ್ಟೆ. ಎಣ್ಣೆಯನ್ನು ಡಬ್ಬಿಗೆ ವಾಪಸು ಹೊಯ್ದು ಬಾಟಲಿಯನ್ನು ತೊಳೆದಿಟ್ಟೆ.

ಎಸಿ ಯಾರು ಹಾಕುತ್ತಾರೆ ಎಂದುಕೊಳ್ಳುವಾಗ ಅವರೊಬ್ಬರ ನೆನಪು ನನಗೆ ಬರಲಿಲ್ಲ ಎಂದರೆ ಸುಳ್ಳು. ಬಂತು. ಹತ್ತು ನಿಮಿಷಕ್ಕೆ ಏನಾಗುತ್ತದೆ ಎಂದು ಅದನ್ನೂ ತಳ್ಳಿಹಾಕಿದೆ.

ಆ ಆಗಸ್ಟಿನಲ್ಲಿ ಒಂದು ಭಾನುವಾರ ತೀರಿಹೋದ ನೆಂಟರೊಬ್ಬರ ಬೊಜ್ಜಕ್ಕೆ, ಉತ್ತರಕ್ರಿಯೆಗೆ, ಹಾಲಾಡಿ ಕಡೆ ಹೋಗಿದ್ದೆ. ಮಳೆ ಹೊಯ್ಯುತ್ತಿತ್ತು. ಬಸ್ಸಿಳಿದು ಮಿಲ್ಲಿನ ಎದುರಿಂದ ನಡೆಯುವಾಗ ಶೆಡ್ಡಿನಲ್ಲಿ ಗಾಡಿ ಸ್ಟಾರ್ಟ್ ಆಗಿ ನಿಂತಿತ್ತು. ಡ್ರೈವರಣ್ಣ ಒಳಗೆ ಕೂತಿದ್ದರು, ಗಾಜು ಏರಿಸಿಕೊಂಡು, ಎಡಗೈಯ ವಾಚನ್ನು ನೋಡುತ್ತಾ. ನನ್ನನ್ನು ಕಂಡು ಗಾಜು ಇಳಿಸಿ, ಇನ್ನು ನಾಲ್ಕು ನಿಮಿಷ ಉಂಟು ಎನ್ನುವ ಹಾಗೆ ನಾಲ್ಕು ಬೆರಳು ತೋರಿಸಿ ನಕ್ಕರು. ನಾನೂ ಕೈಯೆತ್ತಿದೆ. ಆಫ್ ಮಾಡಿ ಎನ್ನಲು ಬಾಯಿ ತೆರೆದವನು ಬೊಜ್ಜಕ್ಕೆ ತಡವಾಯಿತು ಎಂದು ನಡೆದುಬಿಟ್ಟೆ. ಒಣ ಕಂಪ್ರೆಸರನ್ನು ಅವರು ಕಾಳಜಿಯಿಂದ ವಾರವಾರವೂ ತಿಕ್ಕಿ ಸವೆಸುತ್ತಿದ್ದರು, ನನ್ನ ಉಪದೇಶದ ಪ್ರಕಾರ.

ಮಳೆ ಬಿಟ್ಟ ಮೇಲೂ ಗಾಡಿ ಸರ್ವಿಸಿಗೆ ಬರಲಿಲ್ಲ, ನಾನೂ ಕರೆಸಲಿಲ್ಲ. ನವೆಂಬರಿನಲ್ಲಿ ಸಾಹುಕಾರರ ಮಗಳ ಮದುವೆಯ ನಿಶ್ಚಯ. ಗಂಡಿನ ಕಡೆಯವರು ಮುಂಬೈಯಿಂದ ರೈಲಿನಲ್ಲಿ ಬೈಂದೂರಿಗೆ ಬಂದಿಳಿದರು. ಕರೆತರಲು ಹೋದದ್ದು ಈ ಗಾಡಿಯೇ. ಮಧ್ಯಾಹ್ನದ ಬಿಸಿಲು, ಎಸಿ ಜೋರಾಗಿ ಹಾಕಿದ್ದರಂತೆ. ಮರವಂತೆಗೆ ಬರುವಾಗ ಕಂಪ್ರೆಸರ್ ಒಮ್ಮೆ ಕಿರುಚಿ ಬಿಗಿದುಕೊಂಡಿತು, ಬೆಲ್ಟಿನಿಂದ ಹೊಗೆ ಬಂತು, ಬೆಲ್ಟು ಹರಿಯಿತು. ಆ ಗಾಡಿಯಲ್ಲಿ ನೀರಿನ ಪಂಪನ್ನು ತಿರುಗಿಸುವುದೂ ಅದೇ ಬೆಲ್ಟು, ಹಾಗಾಗಿ ಗಾಡಿ ಅಲ್ಲೇ ನಿಂತಿತು. ಒಂದು ಬದಿ ಸಮುದ್ರ, ಇನ್ನೊಂದು ಬದಿ ಹೊಳೆ, ನಡುವೆ ರಸ್ತೆ. ರೇಷ್ಮೆ ಸೀರೆಯ ಹೆಂಗಸರು, ವಯಸ್ಸಾದವರು ಒಂದು ಗಂಟೆ ಬಿಸಿಲಲ್ಲಿ ನಿಂತರು. ಕೊನೆಗೆ ಲೋಕಲ್ ಬಸ್ಸಿನಲ್ಲಿ ನೇತಾಡಿಕೊಂಡು ಕುಂದಾಪುರಕ್ಕೆ ಬಂದರು. ನಿಶ್ಚಯವೇನೋ ಆಯಿತು. ಆದರೆ ಸಾಹುಕಾರರ ಮುಖ ಎಲ್ಲರ ಎದುರು ಸಣ್ಣದಾಗಿತ್ತು.

ಮರುದಿನ ಗಾಡಿಯನ್ನು ಎಳೆಸಿಕೊಂಡು ಸಾಹುಕಾರರೂ ಡ್ರೈವರಣ್ಣನೂ ನನ್ನ ಶೆಡ್ಡಿಗೆ ಬಂದರು. ಕಂಪ್ರೆಸರ್ ಇಳಿಸಿ ಬಗ್ಗಿಸಿದೆ. ಒಂದು ಚಮಚ ಎಣ್ಣೆಯೂ ಇಳಿಯಲಿಲ್ಲ, ಕಬ್ಬಿಣದ ಕಪ್ಪು ಪುಡಿ ಮಾತ್ರ ಉದುರಿತು. ಆ ಪುಡಿಯನ್ನು ಹೆಬ್ಬೆರಳಿನಿಂದ ಒರೆಸಿ ಬೆನ್ನು ತಿರುಗಿಸಿ ನಿಂತೆ. ಸಾಹುಕಾರರು ಹಿಂದಿನಿಂದ ಕೇಳಿದರು.

“ಆರ್ ತಿಂಗ್ಳಾಯ್ಲಿಲ್ಲ ಹಾಕಿ. ಎಂತಕೆ ಹೀಂಗಾಯ್ತ್?”

ಒಂದು ಕ್ಷಣ ಸಾಕಿತ್ತು ನನಗೆ. “ಮಳಿಗಾಲದಾಗೆ ಎಸಿ ಹಾಕ್ದೆ ಇಟ್ರೆ ಹೀಂಗೇ ಆಪ್ದ್” ಎಂದೆ. “ಸೀಲ್ ಒಣಗಿ ಎಲ್ಲಾ ಸೋರಿ ಹೋತ್ತ್.”

ನನ್ನ ಕೆಲಸ ಗೊತ್ತಿದ್ದ ಯಾರಾದರೂ ಅಲ್ಲಿದ್ದಿದ್ದರೆ ನನ್ನ ಸುಳ್ಳು ಅಲ್ಲೇ ಬೀಳುತ್ತಿತ್ತು. ಸೀಲು ಒಣಗಿ ಗ್ಯಾಸು ಸೋರಿದರೆ ಗ್ಯಾಸಿನ ಒತ್ತಡ ನೋಡುವ ಒಳಗಿನ ಸ್ವಿಚ್ಚು ಕರೆಂಟನ್ನೇ ಬಿಡುವುದಿಲ್ಲ, ಟಕ್ ಎನ್ನುವುದೇ ಇಲ್ಲ, ಕಂಪ್ರೆಸರ್ ತಿರುಗುವುದೂ ಇಲ್ಲ. ತಿರುಗದ ಕಂಪ್ರೆಸರ್ ಸುಟ್ಟುಹೋಗುವುದು ಹೇಗೆ? ಆದರೆ ಬೊಂಬಾಯಿ ಮೇಸ್ತ್ರಿಯ ಮಾತಿಗೆ ಎದುರು ಹೇಳುವವರು ಅಲ್ಲಿ ಯಾರೂ ಇರಲಿಲ್ಲ.

ಡ್ರೈವರಣ್ಣ, ಒಂದು ಭಾನುವಾರವೂ ಬಿಡದೆ ಹಾಕಿದ್ದೇನೆ ಎಂದು ಸಾಹುಕಾರರಿಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಹೆದರಿಕೆಯೇ ಇರಲಿಲ್ಲ, ಯಾಕೆಂದರೆ ಅವರಿಗೆ ಸಾಕ್ಷಿ ಇತ್ತು.

“ಮೇಸ್ತ್ರಿ, ನೀವ್ ಕಂಡಿದ್ರಿ ಅಲ್ದಾ?”

“ಒಂದ್ ಸಲ ಕಂಡಿದ್ದೆ, ಹೌದ್” ಎಂದೆ.

ಅದು ಸುಳ್ಳಲ್ಲ. ನಾನು ನೋಡಿದ್ದು ಒಂದೇ ಸಲ. ಆದರೆ ಆ ‘ಒಂದ್ ಸಲ’ವನ್ನು ನಾನು ಎಷ್ಟು ಒತ್ತಿ ಹೇಳಿದೆ ಎಂಬುದು ನನ್ನ ಕಿವಿಯಲ್ಲಿ ಇವತ್ತಿಗೂ ಇದೆ. ಸಾಹುಕಾರರು ಅವರನ್ನು ದಿಟ್ಟಿಸಿ, ಹದಿನೈದು ವರ್ಷ ನಂಬಿದ್ದೆ, ಹತ್ತು ನಿಮಿಷದ ಕೆಲಸಕ್ಕೂ ಸುಳ್ಳು ಹೇಳುತ್ತೀಯಾ ಎಂದರು. ಡ್ರೈವರಣ್ಣ ಸಾಹುಕಾರರ ಕಡೆಗಲ್ಲ, ನನ್ನ ಕಡೆಗೇ ನೋಡುತ್ತಿದ್ದರು, ನಾನು ಇನ್ನೂ ಏನಾದರೂ ಹೇಳುತ್ತೇನೆ ಎನ್ನುವ ಹಾಗೆ. ನಾನು ಸ್ಪ್ಯಾನರ್ ಹುಡುಕತೊಡಗಿದೆ. ಆಮೇಲೆ, ಇನ್ನೊಂದು ಕಂಪ್ರೆಸರ್ ಕೂರಿಸಿಕೊಡುತ್ತೇನೆ, ನನ್ನ ಕೂಲಿ ಬೇಡ ಎಂದು ದೊಡ್ಡ ಮನುಷ್ಯನಾದೆ. ಸಾಹುಕಾರರು ನನ್ನನ್ನು ಹೊಗಳಿದರು. ಅದನ್ನು ಬರೆಯುವಾಗ ಈಗಲೂ ಮೈ ಹಿಡಿಯಾಗುತ್ತದೆ.

ಮುಂದಿನ ತಿಂಗಳು ಆ ಗಾಡಿ ಬಂದಾಗ ಬೇರೆ ಡ್ರೈವರು ಇದ್ದ. ಹಳಬರು ಏನಾದರು ಎಂದು ನಾನು ಕೇಳಲಿಲ್ಲ. ಅವನೇ ಹೇಳಿದ, ಸಾಹುಕಾರರು ಅವರನ್ನು ಬಿಡಿಸಿದರಂತೆ, ಅವರು ಬ್ರಹ್ಮಾವರದಲ್ಲಿ ತಂಗಿಯ ಮನೆಯ ಹತ್ತಿರ ಎಲ್ಲೋ ಶಾಲೆಯ ವ್ಯಾನು ಬಿಡುತ್ತಾರಂತೆ.

ಆಮೇಲೆ ನಾನು ಕೆಲಸದಲ್ಲಿ ಬಹಳ ಜಾಗ್ರತೆಯಾದೆ. ಎಣ್ಣೆಯನ್ನು ಗಿರಾಕಿಯ ಕಣ್ಣೆದುರೇ ಅಳೆದು ಹೊಯ್ಯುತ್ತಿದ್ದೆ. ಹೊಯ್ದ ಕಂಪ್ರೆಸರಿನ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದೆ. ನನ್ನ ಈ ಶಿಸ್ತನ್ನು ಜನ ಮೆಚ್ಚಿಕೊಂಡರು, ಗಿರಾಕಿಗಳು ಹೆಚ್ಚಾದರು. ಪಾಪದಿಂದಲೂ ನನಗೆ ಲಾಭವೇ ಆಯಿತು. ಬ್ರಹ್ಮಾವರದ ಕಡೆ ಹೋಗುವ ಕೆಲಸವಿದ್ದರೆ ಮಾತ್ರ ಬೇರೆಯವರನ್ನು ಕಳಿಸುತ್ತಿದ್ದೆ.

ಒಂಬತ್ತು ಹತ್ತು ವರ್ಷ ಹೀಗೇ ಹೋಯಿತು. ಹೆದ್ದಾರಿ ಅಗಲ ಮಾಡುತ್ತಿದ್ದ ಕಾಲ, ಜುಲೈ ತಿಂಗಳು. ಬೇರೆ ಯಾರೂ ಸಿಗದೆ ಒಂದು ಸಾಮಾನಿಗಾಗಿ ನಾನೇ ಬ್ರಹ್ಮಾವರಕ್ಕೆ ಕಾರು ತೆಗೆದುಕೊಂಡು ಹೋದೆ. ಅಂಗಡಿಯಿಂದ ಹೊರಬಂದರೆ ಹಿಂದಿನಿಂದ ಯಾರೋ “ಹ್ವಾಯ್ ಮೇಸ್ತ್ರಿ” ಎಂದರು. ತಿರುಗುವ ಮೊದಲೇ ಗೊತ್ತಾಯಿತು. ಕೂದಲು ಪೂರಾ ಬೆಳ್ಳಗಾಗಿತ್ತು. ಬಿಳಿ ಅಂಗಿ, ಬೈರಾಸು ಹಾಗೇ ಇದ್ದವು. ಬೈಯುತ್ತಾರೆ ಎಂದುಕೊಂಡೆ, ಬೈದಿದ್ದರೆ ಒಳ್ಳೆಯದಿತ್ತು. ಅವರು ನನ್ನನ್ನು ಹೋಟೆಲಿಗೆ ಕರೆದುಕೊಂಡು ಹೋಗಿ ಚಾ ಹೇಳಿದರು. ಶೆಡ್ಡು ಹೇಗಿದೆ, ಮಗಳು ಎಷ್ಟನೆಯ ಕ್ಲಾಸು ಎಂದೆಲ್ಲ ವಿಚಾರಿಸಿದರು. ಆಮೇಲೆ ಲೋಟ ಕೆಳಗಿಟ್ಟು, ಬಹಳ ದಿನದಿಂದ ಕೇಳಬೇಕೆಂದಿದ್ದೆ ಎನ್ನುವ ಹಾಗೆ ಮೆಲ್ಲಗೆ ಕೇಳಿದರು.

“ಹತ್ತ್ ನಿಮಿಷ ಸಾಕಾಯ್ಲಿಲ್ಯಾ ಮೇಸ್ತ್ರಿ? ಹದಿನೈದ್ ಹಾಕ್ಕಿತ್ತಾ?”

ಇಷ್ಟು ವರ್ಷ ಅವರು ನನ್ನ ಮೇಲೆ ಸಿಟ್ಟಿನಲ್ಲಿದ್ದಾರೆ ಎಂದುಕೊಂಡಿದ್ದೆ. ಅವರು ಇಷ್ಟು ವರ್ಷ ಇನ್ನೈದು ನಿಮಿಷ ಹಾಕಬೇಕಿತ್ತೋ ಎಂದು ಲೆಕ್ಕ ಹಾಕುತ್ತಿದ್ದರು. ನನ್ನ ಮಾತನ್ನು ಅಷ್ಟು ನಂಬಿದ್ದರು. ಮೇಜಿನ ಮೇಲೆ ಚೆಲ್ಲಿದ ಚಾವನ್ನು ನೋಡುತ್ತಾ ಎಲ್ಲವನ್ನೂ ಹೇಳಿದೆ: ಬಾಟಲಿ, ಪಾಠ, ಅರ್ಧ ಒತ್ತಿದ ಫೋನು, ಆಗಸ್ಟಿನ ಭಾನುವಾರ. ಗ್ಯಾಸು ಸೋರಿದ್ದರೆ ಟಕ್ ಎನ್ನುತ್ತಲೇ ಇರಲಿಲ್ಲ ಎಂಬುದನ್ನೂ ಬಿಡಿಸಿ ಹೇಳಿದೆ. ತಪ್ಪಾಯಿತು ಅಣ್ಣ ಎಂದೆ.

ಅವರು ಲೋಟದಲ್ಲಿ ಉಳಿದಿದ್ದ ಚಾ ಕುಡಿದು ಮುಗಿಸಿದರು. ಕೊನೆಗೆ ಹೇಳಿದ್ದು ಇಷ್ಟೇ.

“ನಂಗ್ ಹೇಳ್ರೆ ಎಂತ ಬಂತ್? ನಾ ಹಾಕಿದ್ದ್ ನಂಗ್ ಗೊತ್ತಿತ್ತ್. ಸಾವ್ಕಾರ್ರಿಗ್ ಹೇಳಿ.”

ಈಗಲೇ ಹೋಗೋಣ ಎಂದೆ. ನಾಳೆಗೆ ಬಿಟ್ಟರೆ ನಾನು ಹೋಗುವವನಲ್ಲ ಎಂದು ನನಗೇ ಗೊತ್ತಿತ್ತು. ಅವರು ನನ್ನ ಕಾರಿನ ಮುಂದಿನ ಸೀಟಿನಲ್ಲಿ ಕೂತರು.

ಸಾಹುಕಾರರು ಜಗಲಿಯಲ್ಲಿ ಆರಾಮ ಕುರ್ಚಿಯಲ್ಲಿದ್ದರು. ಇಬ್ಬರ ಗುರುತೂ ಹಿಡಿದರು, ಕೂರಲು ಹೇಳಿದರು. ನಾನು ಕೂತೆ, ಡ್ರೈವರಣ್ಣ ಕಂಬದ ಹತ್ತಿರ ನಿಂತೇ ಇದ್ದರು. ಆ ಕಂಪ್ರೆಸರಿನ ವಿಷಯ ಹೇಳಬೇಕಿತ್ತು ಎಂದು ನಾನು ಶುರು ಮಾಡಿದೆ.

“ಯಾವ ಕಂಪ್ರೆಸರ್ ಮಾರಾಯ?” ಎಂದರು ಸಾಹುಕಾರರು.

ಅವರಿಗೆ ನೆನಪೇ ಇರಲಿಲ್ಲ. ಮಗಳ ನಿಶ್ಚಯ, ಮರವಂತೆಯಲ್ಲಿ ಗಾಡಿ ನಿಂತದ್ದು ಎಂದೆಲ್ಲ ಹೇಳಿದ ಮೇಲೆ, ಹೌದು ಹೌದು, ಎಂತದೋ ಆಗಿತ್ತು ಎಂದರು. ಹಾಗಾಗಿ ನಾನು ಮೊದಲಿನಿಂದ ಹೇಳಬೇಕಾಯಿತು. ಯಾರೂ ಕೇಳದ ಸುಳ್ಳನ್ನು ನಾನೇ ಎತ್ತಿ ತೋರಿಸಿ, ಇದನ್ನು ನೀವು ನಂಬಿದ್ದಿರಿ, ಇದಕ್ಕಾಗಿ ಇವರನ್ನು ಬಿಡಿಸಿದ್ದಿರಿ ಎಂದು ಸಾಹುಕಾರರಿಗೆ ನೆನಪಿಸಬೇಕಾಯಿತು. ಒಬ್ಬರ ಹದಿನೈದು ವರ್ಷ ಹೋದ ವಿಷಯ ಆ ಜಗಲಿಯಲ್ಲಿ ಯಾವತ್ತೋ ಒರೆಸಿಹೋಗಿತ್ತು. ಕೇಳಿ ಮುಗಿಸಿ ಅವರು, ಈಗ ಎಂತಕ್ಕೆ ಆ ಹಳೆಯ ಕತೆಯೆಲ್ಲ, ಚಾ ಕುಡಿದು ಹೋಗಿ ಎಂದು, ಚಾ ತರಲು ಒಳಗೆ ಕೂಗಿ ಹೇಳಿದರು.

ಆಗ ಡ್ರೈವರಣ್ಣ ಕಂಬ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದರು.

“ಹದಿನೇಳ್ ಭಾನ್ವಾರ, ಸಾವ್ಕಾರ್ರೆ. ಒಂದೂ ಬಿಡ್ಲಿಲ್ಲ.”

ಸಾಹುಕಾರರು ಅವರನ್ನು ಸ್ವಲ್ಪ ಹೊತ್ತು ನೋಡಿ, ಹೌದಾ ಎಂದರು. ಚಾ ಬಂತು. ಡ್ರೈವರಣ್ಣ ನಿಂತೇ ಕುಡಿದು, ಲೋಟವನ್ನು ಜಗಲಿಯ ಅಂಚಿಗಿಟ್ಟು, ಕೈ ಮುಗಿದು ಅಂಗಳಕ್ಕಿಳಿದರು.

ವಾಪಸು ಬರುವಾಗ ಮಳೆ ಜೋರಾಯಿತು. ಗಾಜು ಏರಿಸಿದೆವು. ಇಬ್ಬರ ಉಸಿರಿಗೆ ಮುಂದಿನ ಗಾಜು ಮಂಜಾಗಿ ರಸ್ತೆ ಕಾಣದಾಯಿತು. ಎಸಿ ಹಾಕಿದರೆ ಒಂದು ನಿಮಿಷದಲ್ಲಿ ಬಿಡುತ್ತದೆ, ಅದೂ ಅವರಿಗೆ ನಾನೇ ಕಲಿಸಿದ್ದು. ಎಸಿ ಹಾಕಿ ಎಂದರು. ಸ್ವಿಚ್ಚು ಒತ್ತಿದೆ.

ಟಕ್ ಎನ್ನಲಿಲ್ಲ.

ಅವರು ಅಭ್ಯಾಸದಂತೆ ಕಿವಿಗೊಟ್ಟಿದ್ದರು. ನಾನು ಇನ್ನೊಮ್ಮೆ ಒತ್ತಿದೆ, ಮತ್ತೊಮ್ಮೆ ಒತ್ತಿದೆ. ಗಾಳಿ ಬಂತು, ಬೆಚ್ಚಗಿನ ಗಾಳಿ. ಗಾಜು ಇನ್ನಷ್ಟು ಮಂಜಾಯಿತು. ಮೇ ತಿಂಗಳ ಮೇಲೆ ನಾನು ಆ ಸ್ವಿಚ್ಚನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಆ ವರ್ಷ ಮಾತ್ರವಲ್ಲ, ಯಾವ ಮಳೆಗಾಲದಲ್ಲೂ ಮುಟ್ಟಿದವನಲ್ಲ.

“ಗ್ಯಾಸ್ ಇಲ್ಲ” ಎಂದರು ಅವರು, ಸಿಟ್ಟೂ ಇಲ್ಲದೆ ನಗೆಯೂ ಇಲ್ಲದೆ.

ಆಮೇಲೆ ಹೆಗಲ ಮೇಲಿನ ಬೈರಾಸು ತೆಗೆದು, ಮುಂದಕ್ಕೆ ಬಗ್ಗಿ, ನನ್ನ ಎದುರಿನ ಗಾಜನ್ನು ಒರೆಸಿದರು. ಮಂಜು ಮತ್ತೆ ಕವಿಯಿತು, ಮತ್ತೆ ಒರೆಸಿದರು. ಬ್ರಹ್ಮಾವರದ ತನಕ ನನಗೆ ರಸ್ತೆ ಕಾಣುವ ಹಾಗೆ ಅವರು ಒರೆಸುತ್ತಲೇ ಇದ್ದರು.